ಮೊದಲ ಒಂದು ನಿಮಿಷವನ್ನು ಕಲಿಸುವುದು ಹೇಗೆ?

(ಹೆರಿಗೆ ಕೋಣೆಯಲ್ಲಿ ಕೆಲಸ ಮಾಡುವ ನರ್ಸ್‌ಗಳು, ವೈದ್ಯರು ಮತ್ತು ಅವರಿಗೆ ತರಬೇತಿ ಕೊಡುವವರು ಸೇರಿದ್ದ ಸಭೆಯಲ್ಲಿ, ಹುಟ್ಟಿದ ಕೂಡಲೇ ಉಸಿರಾಡದ ಮಗುವಿಗೆ ಉಸಿರು ಬರಿಸುವುದನ್ನು ಕಲಿಸುವ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಬೊಂಬೆಯ ಮೇಲೆ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಲೆಕ್ಕ. ದಿನ ತುಂಬಿ ಹುಟ್ಟುವ 100 ಮಕ್ಕಳಲ್ಲಿ ಸುಮಾರು 85 ಮಕ್ಕಳು ಅರ್ಧ ನಿಮಿಷದೊಳಗೆ ತಾವಾಗಿಯೇ ಉಸಿರಾಡುತ್ತವೆ. ಇನ್ನು 10 ಮಕ್ಕಳಿಗೆ ಮೈ ಚೆನ್ನಾಗಿ ಒರೆಸಿ ಬೆನ್ನು ಉಜ್ಜಿದರೆ ಸಾಕು. ಉಳಿದ ಸುಮಾರು 5 ಮಕ್ಕಳಿಗೆ ಕೈಯಿಂದ ಹಿಂಡುವ ಬ್ಯಾಗ್ ಮತ್ತು ಮುಖಕ್ಕೆ ಹಿಡಿಯುವ ಮಾಸ್ಕ್‌ನಿಂದ ಗಾಳಿ ಕೊಡಬೇಕು. ಎದೆ ಒತ್ತುವುದು, ಔಷಧಿ ಕೊಡುವುದು ಬೇಕಾಗುವುದು ಸಾವಿರಕ್ಕೆ ಒಂದರಿಂದ ಮೂರು ಮಕ್ಕಳಿಗೆ ಮಾತ್ರ.

ಈ ಲೆಕ್ಕದಲ್ಲೇ ನಮ್ಮ ಕಷ್ಟವೆಲ್ಲ ಇದೆ. ತಿಂಗಳಿಗೆ 20 ಹೆರಿಗೆ ಆಗುವ ಒಂದು ಸಣ್ಣ ಆಸ್ಪತ್ರೆ ಇದೆ ಅಂದುಕೊಳ್ಳಿ. ಅಲ್ಲಿ ಬ್ಯಾಗ್ ಹಿಡಿಯುವ ಪ್ರಸಂಗ ಬರುವುದು ತಿಂಗಳಿಗೆ ಒಂದು ಸಲ. ಅದೂ ಯಾವ ಪಾಳಿಯಲ್ಲಿ ಬರುತ್ತದೋ ಗೊತ್ತಿಲ್ಲ. ನಾಲ್ಕೈದು ಜನ ಹಂಚಿಕೊಂಡರೆ ಒಬ್ಬೊಬ್ಬರಿಗೆ ವರ್ಷಕ್ಕೆ ಎರಡು ಮೂರು ಸಲ. ಆದರೆ ಬಂದಾಗ ಯೋಚನೆ ಮಾಡುತ್ತಾ ನಿಲ್ಲುವಷ್ಟು ಸಮಯ ಇರುವುದಿಲ್ಲ. ಟಾಂಜಾನಿಯಾದ ಹೇಡಮ್ ಎಂಬ ಗ್ರಾಮೀಣ ಆಸ್ಪತ್ರೆಯಲ್ಲಿ ಪ್ರತಿ ಹೆರಿಗೆಯನ್ನೂ ಗಮನಿಸಿ ಗಡಿಯಾರ ಹಿಡಿದು ಬರೆದಿಟ್ಟವರು ಇದ್ದಾರೆ. ಗಾಳಿ ಕೊಡಲು ಶುರು ಮಾಡುವುದು 30 ಸೆಕೆಂಡ್ ತಡವಾದರೂ ಮಗು ಸಾಯುವ ಅಥವಾ ಹೆಚ್ಚು ಕಾಲ ಆಸ್ಪತ್ರೆಯಲ್ಲಿ ಉಳಿಯಬೇಕಾಗುವ ಅಪಾಯ ಶೇಕಡಾ 16ರಷ್ಟು ಏರುತ್ತದೆ ಎಂದು 2012ರಲ್ಲಿ ಅವರು ತೋರಿಸಿಕೊಟ್ಟರು. ಆರು ನಿಮಿಷದವರೆಗೂ ಹೀಗೇ ಏರುತ್ತಾ ಹೋಗುತ್ತದೆ.

ಅಂದರೆ, ಇದು ಅಪರೂಪಕ್ಕೆ ಬೇಕಾಗುವ ಕೆಲಸ. ಆದರೆ ಬೇಕಾದಾಗ ತಕ್ಷಣ ಬೇಕು. ದಿನಾ ಮಾಡುವ ಕೆಲಸವಾದರೆ ಮಾಡುತ್ತಾ ಮಾಡುತ್ತಾ ಕೈ ಕೂರುತ್ತದೆ. ಇಲ್ಲಿ ಆ ಅವಕಾಶ ಇಲ್ಲ. ತರಬೇತಿಯೊಂದೇ ಕೈಯನ್ನು ತಯಾರಾಗಿ ಇಡಬೇಕು. ಹಾಗಾಗಿ ಯಾವ ರೀತಿ ಕಲಿಸಿದರೆ ಒಳ್ಳೆಯದು ಎಂಬುದು ಸುಮ್ನೆ ಕುತೂಹಲಕ್ಕೆ ಕೇಳುವ ಪ್ರಶ್ನೆ ಅಲ್ಲ.

ಕಲಿಸುವ ರೀತಿಗಳು ಬೆಳೆದು ಬಂದ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮತ್ತು ಹೃದಯ ಸಂಘ ಸೇರಿ 1987ರಲ್ಲಿ ಎನ್‌ಆರ್‌ಪಿ ಎಂಬ, ನವಜಾತ ಶಿಶುವಿನ ಪುನಶ್ಚೇತನವನ್ನು (ಉಸಿರಾಡದ ಮಗುವಿಗೆ ಉಸಿರು ಬರಿಸುವುದನ್ನು) ಕಲಿಸುವ ಕಾರ್ಯಕ್ರಮ ಶುರು ಮಾಡಿದವು. ಆಗ ಪಾಠ, ಸ್ಲೈಡ್, ಪರೀಕ್ಷೆ ಇವೇ ಮುಖ್ಯ. 2000ದ ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಹಾಲಮೆಕ್ ಮತ್ತು ಅವರ ಜೊತೆಯವರು ನಿಜವಾದ ಹೆರಿಗೆ ಕೋಣೆಯಂಥದ್ದೇ ಕೋಣೆ ಕಟ್ಟಿ, ಅದರೊಳಗೆ ಇಡೀ ತಂಡವನ್ನು ನಿಲ್ಲಿಸಿ ಕಲಿಸಲು ಹೊರಟರು. ಸಿಮ್ಯುಲೇಷನ್ ನಮ್ಮ ಕ್ಷೇತ್ರಕ್ಕೆ ಬಂದದ್ದು ಹೀಗೆ. 2010ರಲ್ಲಿ ಹೆಲ್ಪಿಂಗ್ ಬೇಬೀಸ್ ಬ್ರೀದ್ ಎಂಬ ತರಬೇತಿ ಬಂತು. ಸೌಲಭ್ಯ ಕಡಿಮೆ ಇರುವ ಕಡೆಗೆಂದೇ ಮಾಡಿದ್ದು ಇದು. ಚಿತ್ರಗಳಿರುವ ಫ್ಲಿಪ್ ಚಾರ್ಟ್, ಒಳಗೆ ನೀರು ತುಂಬಿದರೆ ಮಗುವಿನಷ್ಟೇ ತೂಗುವ ನಿಯೋನೆಟಲಿ ಎಂಬ ಬೊಂಬೆ, ಇಬ್ಬಿಬ್ಬರು ಜೋಡಿಯಾಗಿ ಕಲಿಯುವ ಕ್ರಮ. ಎದೆ ಒತ್ತುವುದು, ಔಷಧಿ ಯಾವುದೂ ಇದರಲ್ಲಿ ಇಲ್ಲ. ಮೊದಲ ಒಂದು ನಿಮಿಷದೊಳಗೆ ಮಗು ಅಳಬೇಕು, ಇಲ್ಲವೇ ನಾವು ಗಾಳಿ ಕೊಡುತ್ತಿರಬೇಕು. ಅಷ್ಟೇ ಪಾಠ.

ಈಗ ವಿಷಯಕ್ಕೆ ಬರೋಣ. ಎರಡು ರೀತಿಗಳನ್ನು ಹೋಲಿಸುವಾಗ ಯಾವುದನ್ನು ಅಳೆಯಬೇಕು? ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಇದಕ್ಕೆ ನಾಲ್ಕು ಮೆಟ್ಟಿಲು ಹೇಳಿದ್ದರು. ಕಲಿತವರಿಗೆ ಇಷ್ಟವಾಯಿತೇ? ಅವರಿಗೆ ವಿಷಯ ಬಂತೇ? ಕೆಲಸದಲ್ಲಿ ಹಾಗೆ ಮಾಡಿದರೇ? ಕೊನೆಗೆ ಫಲ ಸಿಕ್ಕಿತೇ? ನಮ್ಮ ತರಬೇತಿಗಳಲ್ಲಿ ಹೆಚ್ಚಿನವು ಎರಡನೇ ಮೆಟ್ಟಿಲಲ್ಲೇ ನಿಂತುಬಿಡುತ್ತವೆ. ಸಂಜೆ ಪರೀಕ್ಷೆ, 100ಕ್ಕೆ 90 ಅಂಕ, ಪ್ರಮಾಣಪತ್ರ, ಗ್ರೂಪ್ ಫೋಟೋ. ಮಗು ಮಾತ್ರ ಮೂರನೇ ಮತ್ತು ನಾಲ್ಕನೇ ಮೆಟ್ಟಿಲಲ್ಲಿ ಇದೆ.

ಪರೀಕ್ಷೆಯ ಅಂಕಕ್ಕೂ ಮಗುವಿಗೆ ಸಿಗುವ ಫಲಕ್ಕೂ ನಡುವೆ ಎಷ್ಟು ಅಂತರ ಇರಬಹುದು ಎಂಬುದನ್ನು ತಿಳಿಯಲು ಹೇಡಮ್ ಆಸ್ಪತ್ರೆಯ ಕಥೆಯನ್ನೇ ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಮಟ್ಟಿಗೆ ನಮ್ಮ ಕ್ಷೇತ್ರದ ಅತಿ ಮುಖ್ಯ ಪಾಠ ಇದು.

2010ರಲ್ಲಿ ಅಲ್ಲಿನ ಸಿಬ್ಬಂದಿಗೆ ಒಂದು ದಿನದ ಹೆಲ್ಪಿಂಗ್ ಬೇಬೀಸ್ ಬ್ರೀದ್ ತರಬೇತಿ ಕೊಟ್ಟರು. ಏಳು ತಿಂಗಳು ಬಿಟ್ಟು ಬೊಂಬೆಯ ಮೇಲೆ ಮತ್ತೆ ಪರೀಕ್ಷೆ ಮಾಡಿದರು. ತರಬೇತಿಗೆ ಮೊದಲು ಪುನಶ್ಚೇತನದ ಪರೀಕ್ಷೆಯಲ್ಲಿ ಪಾಸಾದವರು ಶೇಕಡಾ 18. ಈಗ ಶೇಕಡಾ 74. ಏಳು ತಿಂಗಳಾದ ಮೇಲೂ ಇಷ್ಟು ಉಳಿದಿದೆ ಅಂದರೆ ಯಾರಿಗೇ ಆಗಲಿ ಖುಷಿಯಾಗುತ್ತದೆ. ಆದರೆ ಆ ತಂಡ ಅಲ್ಲಿಗೇ ನಿಲ್ಲಲಿಲ್ಲ. ನಿಜವಾದ ಹೆರಿಗೆಗಳಲ್ಲಿ ಏನಾಗುತ್ತಿದೆ ಎಂದೂ ನೋಡಿದರು. ಅಲ್ಲಿ ಏನೂ ಸುಧಾರಿಸಿರಲಿಲ್ಲ. ಗಾಳಿ ಕೊಡಿಸಿಕೊಂಡ ಮಕ್ಕಳ ಸಂಖ್ಯೆ ಮೊದಲಿನಷ್ಟೇ ಇತ್ತು. ಬೆನ್ನು ಉಜ್ಜಿ ಎಬ್ಬಿಸುವುದಂತೂ ಮೊದಲಿಗಿಂತ ಕಡಿಮೆಯಾಗಿತ್ತು. ಬೊಂಬೆಯ ಮುಂದೆ ಸರಿಯಾಗಿ ಮಾಡುತ್ತಿದ್ದ ಅದೇ ಕೈಗಳು ಮಗುವಿನ ಮುಂದೆ ಹಳೆಯ ದಾರಿಯಲ್ಲೇ ಹೋಗುತ್ತಿದ್ದವು.

ಆಮೇಲೆ ಅವರು ಮಾಡಿದ್ದು ತುಂಬಾ ಸರಳ. ಹೊಸ ಪಠ್ಯ ತರಲಿಲ್ಲ, ದುಬಾರಿ ಯಂತ್ರ ತರಲಿಲ್ಲ. ಅದೇ ಬೊಂಬೆಯನ್ನು ಕೆಲಸದ ಜಾಗಕ್ಕೇ ತಂದರು. ವಾರಕ್ಕೊಮ್ಮೆ, ಮೂರರಿಂದ ಐದು ನಿಮಿಷ, ಇಬ್ಬರು ಜೋಡಿಯಾಗಿ ಅಭ್ಯಾಸ. ಅಷ್ಟೇ. ಈ ಸಲ ಹೆರಿಗೆ ಕೋಣೆಯಲ್ಲಿ ಬದಲಾವಣೆ ಕಂಡಿತು. ಬೆನ್ನು ಉಜ್ಜಿಸಿಕೊಂಡ ಮಕ್ಕಳ ಪ್ರಮಾಣ ಶೇಕಡಾ 14.5ರಿಂದ 16.3ಕ್ಕೆ ಏರಿತು. ಬ್ಯಾಗ್ ಬೇಕಾದ ಮಕ್ಕಳ ಪ್ರಮಾಣ 7.3ರಿಂದ 5.9ಕ್ಕೆ ಇಳಿಯಿತು. ಮೊದಲ 24 ಗಂಟೆಯಲ್ಲಿ ಸಾಯುವ ಮಕ್ಕಳ ಸಂಖ್ಯೆ ಸಾವಿರಕ್ಕೆ 11.1 ಇದ್ದದ್ದು 7.2ಕ್ಕೆ ಬಂತು. 2015ರಲ್ಲಿ ಪ್ರಕಟವಾದ ಅಂಕಿಗಳು ಇವು.

ಅದೇ ಆಸ್ಪತ್ರೆ, ಅದೇ ಬೊಂಬೆ, ಅದೇ ಪಾಠ. ಬದಲಾದದ್ದು ಎಷ್ಟು ಸಲ ಮತ್ತು ಎಲ್ಲಿ ಎಂಬುದು ಮಾತ್ರ. ಕಲಿಸುವ ರೀತಿಗಳನ್ನು ಹೋಲಿಸುವಾಗ ನಾವು ಪಾಠವೋ ವಿಡಿಯೋವೋ, ಸಾದಾ ಬೊಂಬೆಯೋ ಕಂಪ್ಯೂಟರ್ ಬೊಂಬೆಯೋ ಎಂದು ಜಗಳ ಆಡುತ್ತೇವೆ. ಎಷ್ಟು ಸಲ, ಎಷ್ಟು ದಿನಕ್ಕೊಮ್ಮೆ, ಎಲ್ಲಿ ಎಂದು ಕೇಳುವುದೇ ಇಲ್ಲ. ನನ್ನ ಇಡೀ ಮಾತಿನ ಹುರುಳು ಇದೇ.

ಯಾಕೆ ಹೀಗೆ? ಇದಕ್ಕೆ ಉತ್ತರ ಕೈಯಲ್ಲಿದೆ. ಮಾಸ್ಕ್ ಹಿಡಿಯುವುದನ್ನೇ ಹತ್ತಿರದಿಂದ ನೋಡೋಣ.

ಮಗುವಿನ ತಲೆಯನ್ನು ಸ್ವಲ್ಪ ಮಾತ್ರ ಹಿಂದಕ್ಕೆ ಬಾಗಿಸಬೇಕು. ಜಾಸ್ತಿ ಬಾಗಿಸಿದರೂ ಉಸಿರಿನ ದಾರಿ ಮುಚ್ಚುತ್ತದೆ, ಎದೆಯ ಕಡೆ ಬಗ್ಗಿದರೂ ಮುಚ್ಚುತ್ತದೆ. ಮಾಸ್ಕ್‌ನ ಅಂಚನ್ನು ಮೊದಲು ಗಲ್ಲದ ತುದಿಗೆ ಇಟ್ಟು, ಅಲ್ಲಿಂದ ಬಾಯಿ, ಮೂಗಿನ ಮೇಲೆ ಮಲಗಿಸಬೇಕು. ಕಣ್ಣಿಗೆ ತಾಗಬಾರದು. ಹೆಬ್ಬೆರಳು, ತೋರುಬೆರಳು ಮಾಸ್ಕ್‌ನ ಮೇಲೆ. ಉಳಿದ ಮೂರು ಬೆರಳು ದವಡೆಯ ಮೂಳೆಯ ಕೆಳಗೆ. ಇಲ್ಲೇ ಎಲ್ಲರೂ ಎಡವುವುದು. ಗಾಳಿ ಸೋರುತ್ತಿದೆ ಅನ್ನಿಸಿದ ಕೂಡಲೇ ಮೇಲಿನ ಎರಡು ಬೆರಳು ಮಾಸ್ಕನ್ನು ಮುಖದ ಮೇಲೆ ಒತ್ತುತ್ತವೆ. ಒತ್ತಿದಷ್ಟೂ ಗಲ್ಲ ಕೆಳಗೆ ಹೋಗಿ ಗಂಟಲು ಮುಚ್ಚುತ್ತದೆ. ಮಾಡಬೇಕಾದದ್ದು ಇದರ ತಿರುವುಮುರುವು. ಕೆಳಗಿನ ಮೂರು ಬೆರಳು ದವಡೆಯನ್ನು ಮಾಸ್ಕ್‌ನ ಕಡೆಗೆ ಎತ್ತಬೇಕು.

ಇದನ್ನು ಸ್ಲೈಡ್‌ನಲ್ಲಿ ತೋರಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಬರೆಯುವ ಪರೀಕ್ಷೆಯಲ್ಲಿ ಕೇಳಿದರೆ ಸರಿಯಾಗಿ ಬರೆಯುತ್ತಾರೆ. ಬೊಂಬೆಯ ಮುಂದೆ ನಿಂತರೆ ಹತ್ತಕ್ಕೆ ಏಳೆಂಟು ಜನ ಒತ್ತುತ್ತಾರೆ. ಮೂಗಿನ ಪಕ್ಕದಿಂದ ಗಾಳಿ ಸೋರುವ ಸದ್ದು ಬರುತ್ತಿರುತ್ತದೆ, ಅವರಿಗೆ ಕೇಳಿಸುವುದಿಲ್ಲ. ಕಣ್ಣು ಬ್ಯಾಗ್‌ನ ಮೇಲೆ ಇರುತ್ತದೆ, ಎದೆಯ ಮೇಲೆ ಇರುವುದಿಲ್ಲ. ಗಾಬರಿಯಲ್ಲಿ ವೇಗವೂ ಏರುತ್ತದೆ. ನಿಮಿಷಕ್ಕೆ 40ರಿಂದ 60 ಸಲ ಕೊಡಬೇಕಾದದ್ದು 80 ದಾಟುತ್ತದೆ. ಎದೆ ಏಳದಿದ್ದರೆ ಎಷ್ಟು ಸಲ ಹಿಂಡಿದರೂ ಅಷ್ಟೇ.

ಇಲ್ಲಿ ಕಲಿಸುವವರು ಏನು ಮಾಡುತ್ತಾರೆ ಎಂಬುದರಲ್ಲಿ ದೊಡ್ಡ ವ್ಯತ್ಯಾಸ ಇದೆ. ಕೆಲವರು ತಕ್ಷಣ ಕೈ ಹಿಡಿದು ತಿದ್ದಿಬಿಡುತ್ತಾರೆ. ಎದೆ ಏಳುತ್ತದೆ, ಕಲಿಯುವವರಿಗೆ ಯಾಕೆ ಎದ್ದಿತು ಎಂದು ಗೊತ್ತಾಗುವುದಿಲ್ಲ. ನಾನು ಕೇಳುವುದು, "ಎದೆ ಏಳ್ತಾ ಇದೆಯಾ? ಇಲ್ಲ ಅಂದ್ರೆ ಈಗ ಏನು ಬದಲಾಯಿಸ್ತೀರಾ?" ಅವರೇ ಮಾಸ್ಕ್ ಸರಿ ಮಾಡಿ, ತಲೆ ಸರಿ ಮಾಡಿ, ಬಾಯಿ ಸ್ವಲ್ಪ ತೆರೆಸಿ, ಇನ್ನೂ ಸ್ವಲ್ಪ ಜೋರಾಗಿ ಹಿಂಡಿ ನೋಡಲಿ. ಯಾವುದೋ ಒಂದು ಬದಲಾವಣೆಗೆ ಎದೆ ಮೇಲೆದ್ದಾಗ ಬೆರಳಿಗೆ ಅದು ತಿಳಿಯುತ್ತದೆ. ಆ ತಿಳುವಳಿಕೆಯೇ ಕೆಲವು ವಾರಗಳಲ್ಲಿ ಮಸುಕಾಗುವುದು. ಓದಿದ್ದು ವರ್ಷ ನೆನಪಿರುತ್ತದೆ, ಕೈಗೆ ಬಂದದ್ದು ತಿಂಗಳುಗಳಲ್ಲೇ ಜಾರುತ್ತದೆ. ಬರೆಯುವ ಪರೀಕ್ಷೆಯನ್ನು ನಂಬಿ ಕೂತರೆ ಈ ಜಾರುವಿಕೆ ನಮಗೆ ಕಾಣುವುದೇ ಇಲ್ಲ.

ಜೋಡಿಯಾಗಿ ಕಲಿಯುವುದು ನನಗೆ ಇಷ್ಟವಾಗುವುದೂ ಇದಕ್ಕೇ. ಒಬ್ಬರು ಮಾಡುತ್ತಾರೆ, ಇನ್ನೊಬ್ಬರು ಬೊಂಬೆಯನ್ನು ನಡೆಸುತ್ತಾರೆ. ಹೊಕ್ಕುಳ ಬಳ್ಳಿಯ ನಾಡಿ, ಅಳು, ಉಸಿರು ಎಲ್ಲ ಅವರ ಕೈಯಲ್ಲಿ. ಎದೆ ಎದ್ದರೆ ಮಾತ್ರ ಅವರು ನಾಡಿ ಬಡಿಸುತ್ತಾರೆ. ಹಾಗಾಗಿ ಅವರು ಎದೆಯನ್ನೇ ನೋಡುತ್ತಾ ಇರಬೇಕಾಗುತ್ತದೆ. ಎದೆ ನೋಡುವ ಅಭ್ಯಾಸ ಬೀಳುವುದು ಹೀಗೆ.

ಇನ್ನು ದುಬಾರಿ ಬೊಂಬೆಗಳ ವಿಷಯ. ಅಳುವ, ಬಣ್ಣ ಬದಲಾಯಿಸುವ, ಕಂಪ್ಯೂಟರ್‌ನಿಂದ ನಡೆಯುವ ಬೊಂಬೆಗಳು ಇವೆ. ಕಲಿಯುವವರಿಗೆ ಅವು ಇಷ್ಟ. ಆದರೆ ಸಾದಾ ಬೊಂಬೆಯಲ್ಲಿ ಕಲಿತವರಿಗಿಂತ ಅವುಗಳಲ್ಲಿ ಕಲಿತವರು ಚೆನ್ನಾಗಿ ಮಾಡಿಯೇ ತೀರುತ್ತಾರೆ ಎಂಬುದು ಹೋಲಿಕೆಗಳಲ್ಲಿ ಗಟ್ಟಿಯಾಗಿ ನಿಂತಿಲ್ಲ. ಬೊಂಬೆಯಲ್ಲಿ ನಿಜವಾಗಿ ಬೇಕಾದದ್ದು ಎರಡೇ. ಸರಿಯಾಗಿ ಗಾಳಿ ಕೊಟ್ಟರೆ ಎದೆ ಏಳಬೇಕು, ತಪ್ಪಾಗಿ ಕೊಟ್ಟರೆ ಏಳಬಾರದು. ಇಷ್ಟು ಇದ್ದರೆ ಹತ್ತು ಸಾದಾ ಬೊಂಬೆಗಳು ಒಂದು ದೊಡ್ಡ ಬೊಂಬೆಗಿಂತ ಮೇಲು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಯಾಕೆಂದರೆ ಹತ್ತು ಇದ್ದರೆ ಹತ್ತು ಕಡೆ ಅಭ್ಯಾಸ ನಡೆಯುತ್ತದೆ. ಒಂದೇ ಇದ್ದರೆ ಎಲ್ಲರೂ ಅಲ್ಲಿಗೆ ಹೋಗಬೇಕು, ಹೋಗುವುದು ವರ್ಷಕ್ಕೊಮ್ಮೆ.

ಅಭ್ಯಾಸ ಮುಗಿದ ಮೇಲೆ ಕೂತು ಮಾತಾಡುವುದು, ಅಂದರೆ ಡೀಬ್ರೀಫಿಂಗ್, ಬೊಂಬೆಗಿಂತ ಮುಖ್ಯ. ವಿಡಿಯೋ ತೆಗೆದು ಅದನ್ನು ನೋಡುತ್ತಾ ಮಾತಾಡಿದರೆ ಇನ್ನೂ ಒಳ್ಳೆಯದು ಅಂತ ಎಲ್ಲರಿಗೂ ಅನ್ನಿಸುತ್ತದೆ, ಅಲ್ವಾ? 2012ರಲ್ಲಿ ಇದನ್ನೇ ಪರೀಕ್ಷಿಸಿದ ಒಂದು ಪ್ರಯೋಗ ಪ್ರಕಟವಾಯಿತು. ಒಂದು ಗುಂಪಿಗೆ ವಿಡಿಯೋ ಜೊತೆ ಚರ್ಚೆ, ಇನ್ನೊಂದಕ್ಕೆ ಬರೀ ಮಾತು. ಎರಡೂ ಗುಂಪು ಸುಧಾರಿಸಿದವು. ವಿಡಿಯೋದಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ. ಕ್ಯಾಮೆರಾ ಇಲ್ಲ ಎಂದು ಕೈ ಕಟ್ಟಿ ಕೂರಬೇಕಾಗಿಲ್ಲ.

ಇನ್ನೊಂದು ಆಯ್ಕೆ ಇದೆ. ಪ್ರಸಂಗವನ್ನು ಕೊನೆಯವರೆಗೆ ನಡೆಯಲು ಬಿಟ್ಟು ಆಮೇಲೆ ಮಾತಾಡುವುದು ಒಂದು. ತಪ್ಪಾದ ಕಡೆಯೇ ನಿಲ್ಲಿಸಿ, ತಿದ್ದಿ, ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ ಮತ್ತೆ ಮಾಡಿಸುವುದು ಇನ್ನೊಂದು. ಈ ಎರಡನೆಯದನ್ನು ಎಲಿಜಬೆತ್ ಹಂಟ್ ಮತ್ತು ಜೊತೆಯವರು 2014ರಲ್ಲಿ ಮಕ್ಕಳ ಹೃದಯ ಸ್ತಂಭನದ ತರಬೇತಿಯಲ್ಲಿ ಬಳಸಿ ತೋರಿಸಿದರು. ಹೊಸಬರಿಗೆ ನಾನು ಎರಡನೆಯದನ್ನೇ ಆರಿಸುತ್ತೇನೆ. ತಪ್ಪು ಹಿಡಿತದಲ್ಲಿ ಐದು ನಿಮಿಷ ಬ್ಯಾಗ್ ಹಿಂಡಿದರೆ ಕೈಗೆ ಆ ತಪ್ಪೇ ಅಭ್ಯಾಸವಾಗುತ್ತದೆ. ಅನುಭವ ಇರುವ ತಂಡವನ್ನು ಮಾತ್ರ ಕೊನೆಯವರೆಗೆ ಬಿಡಬೇಕು. ಅವರ ತೊಂದರೆ ಕೈಯಲ್ಲಿ ಇರುವುದಿಲ್ಲ, ಮಾತಿನಲ್ಲಿ ಇರುತ್ತದೆ. "ಯಾರಾದ್ರೂ ಸಕ್ಷನ್ ತನ್ನಿ" (ಬಾಯಿ, ಮೂಗಿನಲ್ಲಿರುವ ದ್ರವ ಎಳೆಯುವ ಸಾಧನ) ಅಂದರೆ ಯಾರೂ ತರುವುದಿಲ್ಲ. ಹೆಸರು ಹಿಡಿದು ಹೇಳಬೇಕು, ಹೇಳಿಸಿಕೊಂಡವರು "ತಂದೆ" ಎಂದು ತಿರುಗಿ ಹೇಳಬೇಕು. ಇದು ಮಧ್ಯೆ ನಿಲ್ಲಿಸಿದರೆ ಹೊರಗೆ ಬರುವುದಿಲ್ಲ.

ಪರದೆಯ ಮೇಲಿನ ಕಲಿಕೆ ಈಗ ತುಂಬಾ ಬಂದಿದೆ. ವಿಡಿಯೋ ಪಾಠ, ಮೊಬೈಲ್‌ನ ವರ್ಚುವಲ್ ರಿಯಾಲಿಟಿ, ಕೆನಡಾದಲ್ಲಿ ಮಾಡಿದ ರಿಟೇನ್ ಎಂಬ ಆಟ. ಇವನ್ನು ತಳ್ಳಿಹಾಕಬಾರದು. ಯಾವುದಾದ ಮೇಲೆ ಯಾವುದು, ಯಾವಾಗ ಸಕ್ಷನ್ ನಿಲ್ಲಿಸಿ ಬ್ಯಾಗ್ ತೆಗೆದುಕೊಳ್ಳಬೇಕು, ನಾಡಿ 60ಕ್ಕಿಂತ ಕಡಿಮೆ ಇದ್ದರೆ ಏನು, 100 ದಾಟಿದರೆ ಏನು ಎಂಬ ತೀರ್ಮಾನಗಳನ್ನು ಪರದೆ ಚೆನ್ನಾಗಿ ಕಲಿಸಬಲ್ಲದು. ಮನೆಯಲ್ಲಿ ಕೂತು ಎಷ್ಟು ಸಲ ಬೇಕಾದರೂ ಮಾಡಬಹುದು. ಆದರೆ ದವಡೆ ಎತ್ತುವುದನ್ನು ಪರದೆ ಕಲಿಸುವುದಿಲ್ಲ. ಮನೆಯಲ್ಲಿ ಪರದೆ, ಸೇರಿದಾಗ ಬೊಂಬೆ. ಸೇರಿದ ದಿನ ಸ್ಲೈಡ್ ಹಾಕಿ ಅರ್ಧ ದಿನ ಕಳೆಯುವುದು ನಿಜಕ್ಕೂ ನಷ್ಟ.

ನೀವು ಇಂಥ ಹೋಲಿಕೆಯ ವರದಿ ಓದುವಾಗ ಕೆಲವು ವಿಷಯ ಗಮನಿಸಿ. ಹೊಸ ರೀತಿಯಲ್ಲಿ ಕಲಿತವರಿಗೆ ಎರಡು ಪಟ್ಟು ಸಮಯ ಸಿಕ್ಕಿತ್ತೇ? ಹಾಗಿದ್ದರೆ ಗೆದ್ದದ್ದು ರೀತಿಯೋ ಸಮಯವೋ? ಪರೀಕ್ಷೆ ಅದೇ ದಿನ, ಅದೇ ಬೊಂಬೆಯ ಮೇಲೆ ನಡೆಯಿತೇ? ಅಂಕ ಕೊಟ್ಟವರು ಕಲಿಸಿದವರೇನಾ? ಎಷ್ಟೋ ವರದಿಗಳಲ್ಲಿ ಹೊಸ ರೀತಿಯನ್ನು ಏನೂ ಕಲಿಸದ ಗುಂಪಿನ ಜೊತೆ ಹೋಲಿಸಿರುತ್ತಾರೆ. ಏನೂ ಇಲ್ಲದ್ದಕ್ಕಿಂತ ಏನಾದರೂ ಇರುವುದು ಮೇಲು ಎಂಬುದಕ್ಕೆ ಸಂಶೋಧನೆ ಬೇಕಾಗಿಲ್ಲ.

ಫಲವನ್ನು ಅಳೆಯುವಾಗಲೂ ಎಚ್ಚರ ಬೇಕು. ಬೆಳಗಾವಿಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವನ್ನು ನೋಡಿ. ಹೆಲ್ಪಿಂಗ್ ಬೇಬೀಸ್ ಬ್ರೀದ್ ತರಬೇತಿಯ ನಂತರ ಹುಟ್ಟಿದ ಮೇಲೆ 28 ದಿನದೊಳಗೆ ಸಾಯುವ ಮಕ್ಕಳ ಪ್ರಮಾಣ ಇಳಿಯಲಿಲ್ಲ. ಇಷ್ಟೇ ನೋಡಿದರೆ ತರಬೇತಿ ವ್ಯರ್ಥ ಅನ್ನಿಸುತ್ತದೆ. ಆದರೆ ಸತ್ತು ಹುಟ್ಟಿದವು ಎಂದು ಬರೆದ ಮಕ್ಕಳ ಪ್ರಮಾಣ ಶೇಕಡಾ 3.0ರಿಂದ 2.3ಕ್ಕೆ ಇಳಿದಿತ್ತು. ಹುಟ್ಟುವ ಹೊತ್ತಿನಲ್ಲೇ ಅಥವಾ ಅದಕ್ಕೆ ಸ್ವಲ್ಪ ಮೊದಲು ಜೀವ ಹೋದಂತೆ ಕಂಡ ಮಕ್ಕಳಲ್ಲಂತೂ 1.7ರಿಂದ 0.9ಕ್ಕೆ. ಅಳದೆ, ಅಲುಗಾಡದೆ, ಬಿಳಿಚಿಕೊಂಡು ಹುಟ್ಟಿದ ಮಗುವಿಗೆ ಹೃದಯ ಇನ್ನೂ ಬಡಿಯುತ್ತಿರಬಹುದು. ಯಾರೂ ಬ್ಯಾಗ್ ಹಿಡಿಯದಿದ್ದರೆ ಅದು ಸತ್ತು ಹುಟ್ಟಿದ ಮಗು ಎಂದೇ ಪುಸ್ತಕಕ್ಕೆ ಸೇರುತ್ತದೆ. ಈ ಅಂಕಿಯನ್ನು ನೋಡಿದಾಗೆಲ್ಲ ನನಗೆ ಮನಸ್ಸು ಭಾರವಾಗುತ್ತದೆ. ನಮ್ಮ ಎಷ್ಟು ದಾಖಲೆ ಪುಸ್ತಕಗಳಲ್ಲಿ ಅಂಥ ಮಕ್ಕಳು ಇದ್ದಾರೋ.

ಕೆಲಸದ ಜಾಗದಲ್ಲೇ ಅಭ್ಯಾಸ ಮಾಡುವುದರಿಂದ ಇನ್ನೊಂದು ಲಾಭ ಇದೆ. ತರಬೇತಿ ಕೇಂದ್ರದಲ್ಲಿ ಬ್ಯಾಗ್ ಯಾವಾಗಲೂ ಮೇಜಿನ ಮೇಲೆ ಇರುತ್ತದೆ. ನಿಮ್ಮ ಹೆರಿಗೆ ಕೋಣೆಯಲ್ಲಿ ಅದು ಎಲ್ಲಿದೆ? ಸಣ್ಣ ಮಾಸ್ಕ್ ತೊಳೆಯಲು ಹೋಗಿ ವಾಪಸ್ ಬಂದಿಲ್ಲದೇ ಇರಬಹುದು. ಮಗುವನ್ನು ಬೆಚ್ಚಗಿಡುವ ವಾರ್ಮರ್‌ನ ಪ್ಲಗ್ ಗೋಡೆಯವರೆಗೆ ತಲುಪದೇ ಇರಬಹುದು. ಇಂಥದ್ದು ಅಲ್ಲೇ ನಿಂತು ಅಭ್ಯಾಸ ಮಾಡಿದಾಗ ಮಾತ್ರ ಗೊತ್ತಾಗುವುದು. ಟಾಂಜಾನಿಯಾದ 30 ಆಸ್ಪತ್ರೆಗಳಲ್ಲಿ ಹೀಗೆ ಕೆಲಸದ ಜಾಗದ ಅಭ್ಯಾಸ, ಹೃದಯ ಬಡಿತ ತೋರಿಸುವ ಸಾಧನ, ಸುಧಾರಿಸಿದ ಬ್ಯಾಗ್, ತಮ್ಮದೇ ಅಂಕಿಗಳನ್ನು ನೋಡಿ ಮಾತಾಡುವ ರೂಢಿ ಎಲ್ಲವನ್ನೂ ಜೊತೆಗೂಡಿಸಿದರು. ಹುಟ್ಟುವ ಮುಂಚೆ ಮತ್ತು ಹುಟ್ಟಿದ ಕೂಡಲೇ ಆಗುವ ಸಾವು ಸಾವಿರಕ್ಕೆ 15.3ರಿಂದ 12.5ಕ್ಕೆ ಇಳಿಯಿತು. 2025ರಲ್ಲಿ ಇದು ಪ್ರಕಟವಾಗಿದೆ. ಇದರಲ್ಲಿ ತರಬೇತಿಯ ಪಾಲು ಇಷ್ಟು, ಸಾಧನದ ಪಾಲು ಇಷ್ಟು ಎಂದು ಬಿಡಿಸಿ ಹೇಳಲು ಆಗುವುದಿಲ್ಲ. ಹೆರಿಗೆ ಕೋಣೆಯಲ್ಲೂ ಅವು ಬಿಡಿಬಿಡಿಯಾಗಿ ಕೆಲಸ ಮಾಡುವುದಿಲ್ಲ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ವೈದ್ಯರು ಕೇಳಿದರು: "ಎರಡು ವರ್ಷಕ್ಕೊಮ್ಮೆ ಪ್ರಮಾಣಪತ್ರ ನವೀಕರಿಸಿದರೆ ಸಾಲದೇ?" ಸಾಲದು. ಅಮೆರಿಕದ ಹೃದಯ ಸಂಘದ 2020ರ ಮಾರ್ಗಸೂಚಿಯೇ ಮರು ಅಭ್ಯಾಸ ಎರಡು ವರ್ಷಕ್ಕಿಂತ ಬೇಗ ಆಗಬೇಕು ಎನ್ನುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಮಾಸ್ಕ್ ಹಿಡಿತ ವಾರಕ್ಕೊಮ್ಮೆ, ಕಡೇ ಪಕ್ಷ ತಿಂಗಳಿಗೊಮ್ಮೆ. ಇಡೀ ತಂಡ ಸೇರಿ ಪೂರ್ತಿ ಪ್ರಸಂಗ ಮೂರು ತಿಂಗಳಿಗೊಮ್ಮೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಸಿಸ್ಟರ್ ಕೇಳಿದರು: "ನಮ್ಮಲ್ಲಿ ಕಲಿಸುವವರು ಯಾರೂ ಇಲ್ಲ. ರಾತ್ರಿ ಪಾಳಿಯಲ್ಲಿ ಇಬ್ಬರೇ ಇರ್ತೀವಿ. ಏನು ಮಾಡಬೇಕು?" ಇಬ್ಬರು ಇದ್ದೀರಲ್ಲ, ಅಷ್ಟು ಸಾಕು. ಪಾಳಿ ಶುರುವಾದಾಗ ಮೊದಲು ಬ್ಯಾಗ್ ಪರೀಕ್ಷೆ ಮಾಡಿ. ಮಾಸ್ಕನ್ನು ಅಂಗೈಗೆ ಒತ್ತಿ ಹಿಡಿದು ಹಿಂಡಿ. ಅಂಗೈಗೆ ಒತ್ತಡ ತಿಳಿಯಬೇಕು, ಜಾಸ್ತಿ ಹಿಂಡಿದಾಗ ವಾಲ್ವ್ ತೆರೆದುಕೊಂಡ ಸದ್ದು ಬರಬೇಕು. ಆಮೇಲೆ ಗೋಡೆಯ ಗಡಿಯಾರ ನೋಡಿಕೊಂಡು ಒಂದು ಪ್ರಸಂಗ: ಒರೆಸುವುದು, ಉಜ್ಜುವುದು, ಒಂದು ನಿಮಿಷದೊಳಗೆ ಬ್ಯಾಗ್. ಒಬ್ಬರು ಮಾಡಿ, ಇನ್ನೊಬ್ಬರು ಎದೆ ನೋಡಿ. ಆಮೇಲೆ ಅದಲು ಬದಲು. ಪಕ್ಕದಲ್ಲಿ ಒಂದು ಹಾಳೆ ಅಂಟಿಸಿ, ದಿನಾಂಕ, ಇಬ್ಬರ ಹೆಸರು, ಬ್ಯಾಗ್ ಶುರುವಾದದ್ದು ಎಷ್ಟನೇ ಸೆಕೆಂಡ್‌ಗೆ ಎಂದು ಬರೆಯಿರಿ. ಬೊಂಬೆಯನ್ನು ಮಾತ್ರ ಬೀರುವಿನಲ್ಲಿ ಇಟ್ಟು ಬೀಗ ಹಾಕಬೇಡಿ. ಬೀಗದ ಕೈ ಇರುವವರು ಹಗಲು ಪಾಳಿಯವರಾಗಿರುತ್ತಾರೆ. ವಾರ್ಮರ್‌ನ ಕೆಳಗಿನ ಹಲಗೆಯ ಮೇಲೆ ಬ್ಯಾಗ್ ಜೊತೆಗೇ ಇಡಿ.